ದೀರ್ಘ ನೋಂಪಿಯೂ ಶಕ್ತಿಯ ಅಳತೆಯೂ

ವ್ರತವನ್ನು ಸ್ವೀಕರಿಸುವುದು ಒಂದು ದಿನದ ಕಾರ್ಯ. ಅದನ್ನು ನಿರ್ವಹಿಸುವುದು ಅನೇಕ ವರ್ಷಗಳ ಕಾರ್ಯ. ಪರ್ವದ ದಿನಗಳಲ್ಲಿ ಬಸದಿಯ ಪೂಜೆ, ಸ್ತುತಿ, ಪ್ರವಚನಗಳಿಂದ ಮನಸ್ಸು ಉಲ್ಲಾಸಗೊಂಡಿರುವಾಗ ಹದಿನಾರು ವರ್ಷವೆಂಬುದು ಹದಿನಾರು ದಿನದಂತೆ ತೋರುತ್ತದೆ. ಮೊದಲನೆಯ ವರ್ಷ ನೋಂಪಿ ಸಾಂಗವಾಗಿ ನಡೆಯುತ್ತದೆ. ಎರಡನೆಯ ವರ್ಷವೂ ನಡೆಯುತ್ತದೆ. ಮೂರನೆಯ ವರ್ಷ ಮನೆಯಲ್ಲಿ ಮದುವೆ, ಕಾಯಿಲೆ, ಇಲ್ಲವೆ ಕೆಲಸದ ಒತ್ತಡ ಬಂದು ನೋಂಪಿ ನಿಲ್ಲುತ್ತದೆ. ನಿಂತುದಕ್ಕಿಂತ ದೊಡ್ಡ ಹಾನಿ ಮುಂದಿದೆ. ವ್ರತ ಕೆಟ್ಟಿತೆಂಬ ನಾಚಿಕೆಯಿಂದ ಶ್ರಾವಕನು ಬಸದಿಗೆ ಬರುವುದನ್ನೂ, ಶ್ರಾವಿಕೆಯು ಸ್ವಾಧ್ಯಾಯಕ್ಕೆ ಕೂಡುವುದನ್ನೂ ಬಿಟ್ಟುಬಿಡುವುದುಂಟು. ಇಂಥ ಹಾನಿಯನ್ನು ತಪ್ಪಿಸುವ ಬಗೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಕಾಲದ ಪ್ರಮಾಣ

ನಮ್ಮ ನೋಂಪಿಗಳಲ್ಲಿ ಹಲವು ದೀರ್ಘಕಾಲದವು. ದಶಲಕ್ಷಣ ವ್ರತಕ್ಕೆ 10 ವರ್ಷ, ಅನಂತ ವ್ರತಕ್ಕೆ 14 ವರ್ಷ, ಷೋಡಶಕಾರಣಕ್ಕೆ 16 ವರ್ಷ. ರೋಹಿಣಿ ನಕ್ಷತ್ರ ಸುಮಾರು 27 ದಿನಗಳಿಗೊಮ್ಮೆ ಬರುವುದರಿಂದ ರೋಹಿಣೀ ವ್ರತವನ್ನು ಐದು ವರ್ಷ ಹಿಡಿದವರಿಗೆ ಉಪವಾಸಗಳು ಸುಮಾರು 67 ಆಗುತ್ತವೆ. ಹಿಡಿಯುವ ಮೊದಲೇ ಈ ಲೆಕ್ಕ ಮಾಡತಕ್ಕದ್ದು. ‘ಐದು ವರ್ಷ’ ಎಂದಾಗ ಮನಸ್ಸಿಗೆ ಹೊಳೆಯದ ಭಾರ, ‘ಅರುವತ್ತೇಳು ಉಪವಾಸ’ ಎಂದಾಗ ಹೊಳೆಯುತ್ತದೆ.

ನಮ್ಮ ಪೂರ್ವಾಚಾರ್ಯರು ಎಲ್ಲರಿಗೂ ಒಂದೇ ಅಳತೆಯನ್ನು ವಿಧಿಸಲಿಲ್ಲ. ವ್ರತವಿಧಿಗಳಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂಬ ಭೇದಗಳನ್ನು ಹೇಳಿದೆ. ಪೂರ್ಣ ಉಪವಾಸ ಮಾಡಲಾರದವರಿಗೆ ಏಕಾಶನವುಂಟು. ಹದಿನಾರು ವರ್ಷ ಹಿಡಿಯಲಾರದವರಿಗೆ ಕಡಿಮೆ ಅವಧಿಯುಂಟು. ಜಘನ್ಯವೆಂದರೆ ಹೀನವಾದುದಲ್ಲ, ಎಲ್ಲಕ್ಕಿಂತ ಕಿರಿಯ ಅಳತೆಯದು ಎಂದಷ್ಟೇ ಅರ್ಥ. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ; ಪ್ರೋಷಧ ಪ್ರತಿಮೆಯು ನಾಲ್ಕನೆಯದೇ ಹೊರತು ಮೊದಲನೆಯದಲ್ಲ.

2. ‘ಶಕ್ತಿತಃ’ ಎಂಬ ಮಾತಿನ ಅರ್ಥ

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ಎರಡಕ್ಕೆ ಮಾತ್ರ ‘ಶಕ್ತಿತಃ’ ಎಂಬ ವಿಶೇಷಣವಿದೆ: ಒಂದು ತ್ಯಾಗಕ್ಕೆ, ಇನ್ನೊಂದು ತಪಸ್ಸಿಗೆ. ಈ ಮಾತಿಗೆ ಎರಡು ಅಂಚುಗಳಿವೆ. ಇರುವ ಶಕ್ತಿಯನ್ನು ಮರೆಮಾಚಬಾರದು ಎಂಬುದು ಒಂದು. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಬಾರದು ಎಂಬುದು ಇನ್ನೊಂದು. ಆಲಸ್ಯದಿಂದ ಏಕಾಶನಕ್ಕೆ ಇಳಿದವನು ಮೊದಲನೆಯ ಅಂಚನ್ನು ದಾಟುತ್ತಾನೆ. ನೆರೆಯವರು ಎಂಟು ಉಪವಾಸ ಮಾಡಿದರೆಂದು ತಾನು ಹತ್ತು ಮಾಡಹೊರಟವನು ಎರಡನೆಯದನ್ನು ದಾಟುತ್ತಾನೆ. ಅವನ ತಪಸ್ಸಿನೊಳಗೆ ಮಾನಕಷಾಯವು ಹೊಕ್ಕಿರುತ್ತದೆ. ಮಧುಮೇಹಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು, ವೃದ್ಧರು ವೈದ್ಯರನ್ನು ಕೇಳದೆ ಉಪವಾಸಕ್ಕೆ ತೊಡಗಬಾರದು. ಅಂಥವರು ರಸತ್ಯಾಗ, ಜಪ, ಸ್ವಾಧ್ಯಾಯಗಳಿಂದ ನೋಂಪಿಯಲ್ಲಿ ಭಾಗಿಗಳಾಗಬಹುದು.

3. ಕೊಡಗಿನ ಮನೆಯಲ್ಲಿ ಎಣಿಕೆ

ಶಕ್ತಿಯೆಂದರೆ ದೇಹಬಲ ಮಾತ್ರವಲ್ಲ. ಕಾಲ, ಕ್ಷೇತ್ರ, ಮನೆಯ ಸ್ಥಿತಿ ಇವೂ ಶಕ್ತಿಯೇ. ಕೊಡಗಿನಲ್ಲಿ ವಾಸಿಸುವ ಒಂದು ಕುಟುಂಬವು ಅಷ್ಟಾಹ್ನಿಕ ವ್ರತ ಹಿಡಿಯುವುದೆಂದು ಭಾವಿಸೋಣ. ಅದು ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಬರುತ್ತದೆ. ಆಷಾಢದಲ್ಲಿ ಬಿಡದ ಮಳೆ, ಗದ್ದೆಯ ಕೆಲಸ. ಕಾರ್ತಿಕದಲ್ಲಿ ಅರೇಬಿಕಾ ಕಾಫಿ ಹಣ್ಣಾಗತೊಡಗುತ್ತದೆ. ಫಾಲ್ಗುಣದಲ್ಲಿ ಹೂಮಳೆಯ ನಿರೀಕ್ಷೆ. ಷೋಡಶಕಾರಣವು ವರ್ಷದಲ್ಲಿ ಮೂರು ಸಲ ಬರುವುದಾದರೂ ಮಾಘದ ಸರದಿಯು ರೊಬಸ್ಟಾ ಕೊಯ್ಲಿನ ನಡುವೆ ಬೀಳುತ್ತದೆ. ಆದುದರಿಂದ ತೋಟದ ಮನೆಯವರು ಭಾದ್ರಪದದ ಸರದಿಯೊಂದನ್ನೇ ನಿಯಮವಾಗಿ ಹಿಡಿದು, ಉಳಿದೆರಡರಲ್ಲಿ ಕೇವಲ ಭಾವನೆಗಳ ಚಿಂತನೆ ಮಾಡುವುದು ವಿವೇಕ. ಬಸದಿ ದೂರವಿದ್ದು ಮಳೆಯಲ್ಲಿ ದಾರಿ ಕಡಿದರೆ ಮನೆಯಲ್ಲಿಯೇ ಏನು ಮಾಡತಕ್ಕದ್ದೆಂಬುದನ್ನೂ ಮೊದಲೇ ಗುರುಗಳಲ್ಲಿ ಕೇಳಿ ನಿಶ್ಚಯಿಸಿರಬೇಕು.

ಇದು ತೋಟಗಾರನಿಗೆ ಹೊಸ ಪಾಠವಲ್ಲ. ಕಾಫಿ ಗಿಡವನ್ನು ನೆಟ್ಟವನು ಮೂರು ನಾಲ್ಕು ವರ್ಷ ಹಣ್ಣನ್ನು ಕಾಣುವುದಿಲ್ಲ. ಹಾಗೆಂದು ನೆರಳು ಸವರುವುದನ್ನೂ ಕಳೆ ತೆಗೆಯುವುದನ್ನೂ ಬಿಡುವುದಿಲ್ಲ. ಅವನ ದೃಷ್ಟಿ ಆ ವರ್ಷದ ಕೆಲಸದ ಮೇಲಿರುತ್ತದೆ.

4. ಉತ್ಸಾಹ ಕುಂದಿದಾಗ

ತತ್ತ್ವಾರ್ಥಸೂತ್ರದಲ್ಲಿ ಪ್ರೋಷಧೋಪವಾಸದ ಐದು ಅತಿಚಾರಗಳನ್ನು ಹೇಳಿದೆ. ಮೊದಲ ಮೂರು, ನೋಡದೆ ಒರಸದೆ ನೆಲವನ್ನೂ ವಸ್ತುಗಳನ್ನೂ ಹಾಸಿಗೆಯನ್ನೂ ಬಳಸುವ ಅಜಾಗರೂಕತೆಗೆ ಸಂಬಂಧಿಸಿದವು. ಕೊನೆಯ ಎರಡು ಮನಸ್ಸಿಗೆ ಸಂಬಂಧಿಸಿದವು: ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಆಸಕ್ತಿ ಕುಂದುವುದು ಮತ್ತು ಮರೆಯುವುದು. ಉತ್ಸಾಹವು ಕುಂದುವುದೆಂಬುದನ್ನು ಆಚಾರ್ಯರು ಮೊದಲೇ ಬಲ್ಲವರಾಗಿದ್ದರು. ಅದನ್ನು ಅವರು ಅತಿಚಾರಗಳಲ್ಲಿ ಎಣಿಸಿದರು, ಅನಾಚಾರವೆಂದು ಕರೆಯಲಿಲ್ಲ. ಅತಿಚಾರವು ಬಟ್ಟೆಗೆ ತಗುಲಿದ ಕಲೆ, ತೊಳೆದರೆ ಹೋಗುತ್ತದೆ. ಅನಾಚಾರವೆಂದರೆ ಬಟ್ಟೆಯನ್ನೇ ಎಸೆದುಬಿಡುವುದು.

ಹರಿವಂಶಪುರಾಣವನ್ನು ಶಕ 705ರಲ್ಲಿ, ಎಂದರೆ ಕ್ರಿ.ಶ. 783ರಲ್ಲಿ ರಚಿಸಿದ ಜಿನಸೇನಾಚಾರ್ಯರು ಪುನ್ನಾಟ ಸಂಘದವರು. ಆ ಸಂಘಕ್ಕೆ ಹೆಸರಿತ್ತ ಪುನ್ನಾಟವು ಕೊಡಗಿನ ನೆರೆಯ ಕಬಿನೀ ತೀರದ ನಾಡು. ಆ ಪುರಾಣದಲ್ಲಿ ಬರುವ ಸಿಂಹನಿಷ್ಕ್ರೀಡಿತ ತಪಸ್ಸಿನ ಕ್ರಮವನ್ನು ನೋಡಿರಿ. ಅದರ ಕಿರಿಯ ವಿಧಿಯಲ್ಲಿ ಒಂದು ಉಪವಾಸ, ಬಳಿಕ ಎರಡು, ಮರಳಿ ಒಂದು. ಬಳಿಕ ಮೂರು, ಮರಳಿ ಎರಡು. ನಾಲ್ಕು, ಮರಳಿ ಮೂರು. ಹೀಗೆ ಐದರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ. ಪ್ರತಿಯೊಂದರ ಕೊನೆಗೂ ಪಾರಣೆ. ಒಟ್ಟು 60 ಉಪವಾಸ, 20 ಪಾರಣೆ, 80 ದಿನ. ಇದು ಮಹಾತಪಸ್ವಿಗಳಿಗೆ ಸಲ್ಲುವ ತಪಸ್ಸು. ಗೃಹಸ್ಥರು ಕಲಿಯಬೇಕಾದುದು ಅದರ ನಡೆಯನ್ನು. ಸಿಂಹವು ಮುಂದೆ ನಡೆದು ಹಿಂದಿರುಗಿ ನೋಡುತ್ತದೆ. ಹಿಂದೆ ಇಟ್ಟ ಹೆಜ್ಜೆಯೂ, ಪಾರಣೆಯ ದಿನವೂ ವ್ರತದ ಅಂಗವೇ ಆಗಿವೆ.

5. ಪೂರ್ವಿಕರ ನಿದರ್ಶನ

ಜಯಧವಲಾ ಟೀಕೆಯನ್ನು ವೀರಸೇನಾಚಾರ್ಯರು ಇಪ್ಪತ್ತು ಸಾವಿರ ಶ್ಲೋಕ ಪ್ರಮಾಣದಷ್ಟು ರಚಿಸಿ ದಿವಂಗತರಾದರು. ಅವರ ಶಿಷ್ಯರೂ ಮಹಾಪುರಾಣದ ಕರ್ತೃಗಳೂ ಆದ ಬೇರೊಬ್ಬ ಜಿನಸೇನಾಚಾರ್ಯರು ಇನ್ನೂ ನಲವತ್ತು ಸಾವಿರವನ್ನು ಸೇರಿಸಿ ಶಕ 759ರಲ್ಲಿ (ಕ್ರಿ.ಶ. 837) ಅದನ್ನು ಮುಗಿಸಿದರು. ಈ ಜಿನಸೇನರು ಉಳಿಸಿಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಪೂರೈಸಿದರು. ಗೃಹಿಣಿಯರ ಮಾತಿಗೆ ಬಂದರೆ, ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗಾಗಿ ಮಹಾಬಂಧದ ತಾಡವೋಲೆಯ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಆ ಸಿದ್ಧಾಂತವು ಮೂಡುಬಿದಿರೆಯಲ್ಲಿ ಉಳಿದು ನಮ್ಮ ಕಾಲಕ್ಕೆ ಬಂದಿತು.

ಕೊಡಗಿನಲ್ಲಿಯೇ ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳಿವೆ. ತಂದೆಯು ಕಟ್ಟಿಸಿದ ಬಸದಿಗೆ ಮಗ ರಾಜೇಂದ್ರ ಕೊಂಗಾಳ್ವನು 1058ರಲ್ಲಿ ದತ್ತಿ ಬಿಟ್ಟನು. ತಾಯಿ ಪೋಚಬ್ಬರಸಿಯೂ ಆ ಧರ್ಮಕಾರ್ಯದಲ್ಲಿ ತೊಡಗಿದ್ದಳು. ಗುರುಗಳಾಗಿ ಗುಣಸೇನ ಪಂಡಿತರಿದ್ದರು. ದೀರ್ಘಕಾರ್ಯಕ್ಕೆ ಮನೆಯವರೆಲ್ಲರ ಹೆಗಲು ಬೇಕು. ಅತ್ತೆಯು ನೋಂಪಿಯಲ್ಲಿರುವಾಗ ಸೊಸೆಯು ಅಡಿಗೆಯನ್ನೂ, ಮಗನು ತೋಟವನ್ನೂ ನೋಡಿಕೊಂಡರೆ ಅವರೂ ಅನುಮೋದನೆಯ ಪುಣ್ಯಕ್ಕೆ ಪಾತ್ರರು.

6. ಶಂಕೆ–ಸಮಾಧಾನ

ಶಂಕೆ: ನಡುವೆ ಒಂದು ವರ್ಷ ತಪ್ಪಿದರೆ ಹಿಂದಿನ ವರ್ಷಗಳೆಲ್ಲ ವ್ಯರ್ಥವೇ?
ಸಮಾಧಾನ: ಅಲ್ಲ. ಆಗ ಉಂಟಾದ ಪರಿಣಾಮಶುದ್ಧಿ ಆಗಿಹೋಗಿದೆ. ಗುರುಗಳೆದುರು ಆಲೋಚನೆ ಮಾಡಿ, ಅವರಿತ್ತ ಪ್ರಾಯಶ್ಚಿತ್ತವನ್ನು ಸ್ವೀಕರಿಸಿ ಮುಂದುವರಿಯತಕ್ಕದ್ದು. ಪ್ರಾಯಶ್ಚಿತ್ತವು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು.

ಶಂಕೆ: ಹಾಗಾದರೆ ಸಡಿಲಿಕೆಗೆ ಅವಕಾಶವಿತ್ತಂತಾಗಲಿಲ್ಲವೇ?
ಸಮಾಧಾನ: ಸಡಿಲಿಕೆ ಬೇಕಾದುದು ವ್ರತ ಹಿಡಿಯುವ ಮೊದಲು, ಅಳತೆ ಮಾಡುವಾಗ. ಹಿಡಿದ ಮೇಲೆ ದೃಢತೆಯೇ ಸಲ್ಲುವುದು. ಚಿಕ್ಕದನ್ನು ಹಿಡಿದು ಪೂರೈಸಿದವನು ಮುಂದೆ ದೊಡ್ಡದನ್ನು ಹಿಡಿಯಬಲ್ಲನು.

ಸಾಧರ್ಮಿಕರೇ, ಬರುವ ಭಾದ್ರಪದಕ್ಕೆ ಮುನ್ನ ಮನೆಯವರೆಲ್ಲರೂ ಕೂಡಿ ಕುಳಿತು ಈ ಎಣಿಕೆಯನ್ನು ಮಾಡಿರಿ.

ಮನನಕ್ಕಾಗಿ:
1. ‘ಶಕ್ತಿತಃ’ ಎಂಬ ಮಾತಿನ ಎರಡು ಅಂಚುಗಳು ಯಾವುವು?
2. ಅತಿಚಾರಕ್ಕೂ ಅನಾಚಾರಕ್ಕೂ ಭೇದವೇನು?
3. ನಿಮ್ಮ ಮನೆಯ ಕೆಲಸಕಾಲಗಳನ್ನು ನೋಡಿ, ಯಾವ ನೋಂಪಿಯನ್ನು ಯಾವ ಅಳತೆಯಲ್ಲಿ ಹಿಡಿಯಬಲ್ಲಿರಿ?