ಹತ್ತನೇ ತರಗತಿ ಮುಗಿದ ಮೇಲೆ ಯೋಚಿಸಿದರೆ ತಡವಾಯಿತು



ಕೆಲವು ವರ್ಷಗಳ ಹಿಂದೆ ಪೆರ್ಡೂರು ಕಡೆಯ ಒಬ್ಬ ಹುಡುಗಿ ತಾಯಿಯ ಜೊತೆ ನಮ್ಮಲ್ಲಿಗೆ ಬಂದಳು. ತಾಯಿ ಬೀಡಿ ಕಟ್ಟುವವರು. ಮಗಳು ಪಿಯುಸಿ ಕಾಮರ್ಸಿನಲ್ಲಿ ಫಸ್ಟ್ ಕ್ಲಾಸ್. "ಸಿಸ್ಟರ್, ಇವಳಿಗೆ ಬಿ.ಎಸ್ಸಿ. ನರ್ಸಿಂಗ್ ಮಾಡಬೇಕಂತೆ. ಸೀಟು ಎಲ್ಲಿ ಸಿಗ್ತದೆ?" ಎಂದು ತಾಯಿ ಕೇಳಿದರು. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಗೆಳತಿ ಕಾಮರ್ಸಿಗೆ ಸೇರಿದಳೆಂದು ಇವಳೂ ಸೇರಿದ್ದಳು. ವಿಷಯ ತಿಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ವರ್ಷ ಮೊದಲು ಯಾರಾದ್ರೂ ಒಂದು ಮಾತು ಹೇಳ್ತಿದ್ರೆ ಆಗ್ತಿತ್ತಲ್ಲ ಸಿಸ್ಟರ್?" ಎಂದಳು.

ಈ ಮಾತು ನಮಗೂ ನಾಟಿತು. ಅವಳು ಹೈಸ್ಕೂಲಿನಲ್ಲಿರುವಾಗ ನಾವು ಎರಡು ಸಲ ಆ ಶಾಲೆಗೆ ಹೋಗಿದ್ದೆವು. ಶುಚಿತ್ವದ ಬಗ್ಗೆ ಮಾತಾಡಿದೆವು, ಉಳಿತಾಯದ ಬಗ್ಗೆ ಮಾತಾಡಿದೆವು. ಮುಂದಿನ ಓದಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮತ್ತೆ ವಿಚಾರಿಸಿದಾಗ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾಕ್ಕೆ ಬೇರೆ ವಿಭಾಗದಲ್ಲಿ ಪಿಯುಸಿ ಪಾಸಾದವರೂ ಸೇರಬಹುದೆಂದು ತಿಳಿಯಿತು. ಅವಳು ಅಲ್ಲಿ ಸೇರಿದಳು. ಆದರೆ ಎಲ್ಲರೂ ಹೀಗೆ ಬಂದು ಕೇಳುವುದಿಲ್ಲ. ಕೇಳದವರು ಸೀದಾ ಬಟ್ಟೆ ಅಂಗಡಿಗೆ ಸೇಲ್ಸ್ ಕೆಲಸಕ್ಕೆ ಹೋಗುತ್ತಾರೆ.

ಮಾರ್ಕು ಇದೆ, ದಾರಿ ಗೊತ್ತಿಲ್ಲ

ನಮ್ಮ ಜಿಲ್ಲೆಯ ಮಕ್ಕಳು ಓದಿನಲ್ಲಿ ಹಿಂದಿಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಉಡುಪಿ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು. 2025ರ ದ್ವಿತೀಯ ಪಿಯುಸಿಯಲ್ಲೂ ನಮ್ಮ ಜಿಲ್ಲೆಯೇ ಮೊದಲು. ಸಂತೋಷವೇ. ಆದರೆ ಪಾಸಾಗುವುದು ಬೇರೆ, ಮುಂದಿನ ಬದುಕಿಗೆ ತಯಾರಾಗುವುದು ಬೇರೆ.

ಹಿಂದಿನವರಿಗೆ ದಾರಿ ಹೇಳುವವರು ಮನೆಯಲ್ಲೇ ಇದ್ದರು. ಮುಂಬೈಯಲ್ಲಿ ಒಬ್ಬ ಮಾವ ಇರುತ್ತಿದ್ದರು. ಅವರ ಕಾಗದ ಬಂದರೆ ಹುಡುಗ ಬಸ್ಸು ಹತ್ತುತ್ತಿದ್ದ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದುತ್ತಿದ್ದ. ಇಲ್ಲವಾದರೆ ಬ್ಯಾಂಕು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು ಉಡುಪಿಯಲ್ಲೇ. 2020ರ ಏಪ್ರಿಲ್ 1ರಂದು ಅವು ಕ್ರಮವಾಗಿ ಯೂನಿಯನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾದವು. ಈಗ ಹೆಚ್ಚಿನ ಸರಕಾರಿ ಬ್ಯಾಂಕುಗಳಿಗೆ ಸೇರಲು ದೇಶದ ಎಲ್ಲರ ಜೊತೆ ಐಬಿಪಿಎಸ್ ಪರೀಕ್ಷೆ ಬರೆಯಬೇಕು. ಹಳೆಯ ದಾರಿಗಳು ಬದಲಾಗಿವೆ. ಹೆತ್ತವರು ಇನ್ನೂ ಹಳೆಯದನ್ನೇ ಹೇಳಿದರೆ ಮಕ್ಕಳು ಯಾರನ್ನು ಕೇಳಬೇಕು?

ಎಂಟನೇ ತರಗತಿಯಿಂದಲೇ ತಯಾರಿ

ಎಂಟನೇ ತರಗತಿ: ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಹೆತ್ತವರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ಈ ಪರೀಕ್ಷೆ ಬರೆಯಲು ಸಿಗುವುದು ಎಂಟನೇ ತರಗತಿಯಲ್ಲಿ ಮಾತ್ರ. ಆ ವರ್ಷ ದಾಟಿತೆಂದರೆ ಮುಗಿಯಿತು.

ಒಂಬತ್ತನೇ ತರಗತಿ: ದಾಖಲೆ ಸರಿಮಾಡುವ ವರ್ಷ. ಆಧಾರ್ ಕಾರ್ಡಿನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು ಒಂದೇ ರೀತಿ ಇದೆಯೇ? ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿದ್ದೀರಾ? ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ? ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ವಿದ್ಯಾರ್ಥಿವೇತನ ನಿಂತುಹೋದ ಮಕ್ಕಳನ್ನು ನಾವು ಕಂಡಿದ್ದೇವೆ. ಕೆಲವು ಸರಕಾರಿ ಹೈಸ್ಕೂಲುಗಳಲ್ಲಿ ಒಂಬತ್ತರಿಂದ ತೃತೀಯ ಭಾಷೆಯ ಬದಲು ಐಟಿ, ಆಟೋಮೊಬೈಲ್, ರಿಟೇಲ್ ಮುಂತಾದ ವೃತ್ತಿ ವಿಷಯವನ್ನು ಆರಿಸಿಕೊಳ್ಳಬಹುದು. ನಿಮ್ಮ ಶಾಲೆಯಲ್ಲಿ ಉಂಟೋ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ಹತ್ತನೇ ತರಗತಿ: ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದು ವಿಷಯ ಹೋದರೆ ಬದುಕೇ ಹೋಯಿತೆಂದು ಮಗುವನ್ನು ಗದರಿಸಬೇಡಿ, ಕೆಲಸಕ್ಕೂ ಕಳಿಸಬೇಡಿ. ಅದೇ ವರ್ಷ ಮತ್ತೆ ಬರೆಯಲಿ.

ಬಾಗಿಲುಗಳು ಎಷ್ಟು?

ಎಸ್ಸೆಸ್ಸೆಲ್ಸಿ ಆದ ಮೇಲೆ ಸಾಯನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಮೂರೇ ದಾರಿ ಎಂದು ತಿಳಿದವರು ಹೆಚ್ಚು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಐಟಿಐಯಲ್ಲಿ ಒಂದು ಮತ್ತು ಎರಡು ವರ್ಷದ ಕೋರ್ಸುಗಳಿವೆ. ರಾಜ್ಯದ 150 ಸರಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು.

"ಐಟಿಐ ಅಂದ್ರೆ ಓದಲು ಆಗದವರಿಗೆ" ಎಂಬ ಮಾತು ಸಭೆಗಳಲ್ಲಿ ಕೇಳುತ್ತೇವೆ. ಅದು ಸರಿಯಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಹಾಗೆಯೇ ನೆರೆಮನೆಯ ಹುಡುಗ ಸಾಯನ್ಸ್ ತೆಗೊಂಡ ಎಂಬ ಒಂದೇ ಕಾರಣಕ್ಕೆ, ಗಣಿತ ಕಂಡರೆ ಹೆದರುವ ಮಗುವನ್ನು ಅಲ್ಲಿಗೆ ದೂಡಬೇಡಿ.

ಖರ್ಚಿನ ಲೆಕ್ಕ ಮೊದಲೇ ಹಾಕಿ

ಫೀಸು ಮಾತ್ರ ಖರ್ಚಲ್ಲ. ಪೆರ್ಡೂರಿನಿಂದ ಹಿರಿಯಡ್ಕ, ಮಣಿಪಾಲ, ಉಡುಪಿಗೆ ದಿನಾ ಬಸ್ಸು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿದ್ದರೂ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಬಸ್ಸು, ಪುಸ್ತಕ, ಸಮವಸ್ತ್ರ ಎಲ್ಲ ಸೇರಿಸಿ ಪೂರ್ತಿ ಕೋರ್ಸಿನ ಲೆಕ್ಕ ಬರೆದು ನೋಡಿ. ಅರ್ಧದಲ್ಲಿ ಬಿಡಿಸುವುದಕ್ಕಿಂತ ಮೊದಲೇ ಯೋಚಿಸುವುದು ಒಳ್ಳೆಯದು.

1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಯೋಜನೆ ಶುರುಮಾಡಿ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಸಂಗ್ರಹಿಸುತ್ತಿದ್ದರು. ಬಡವರೂ ಕೂಡಿಡಬಹುದೆಂದು ಈ ಊರಿಗೆ ಗೊತ್ತಾದದ್ದು ಹಾಗೆ. ಮಗು ಎಂಟನೇ ತರಗತಿಗೆ ಬಂದ ದಿನವೇ ಅದರ ಹೆಸರಿನಲ್ಲಿ ಸಣ್ಣ ಉಳಿತಾಯ ಶುರುಮಾಡಿದರೆ ಮೂರು ವರ್ಷದಲ್ಲಿ ಕಾಲೇಜಿಗೆ ಸೇರಿಸುವ ಖರ್ಚಿಗಾದರೂ ಆದೀತು. ಅಣ್ಣನಿಗೆ ಮಾತ್ರ ಅಲ್ಲ, ತಂಗಿಗೂ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಎಷ್ಟು ಮಂದಿ ಇದ್ದಾರೆ? ಹೆಸರು ಬರೆಯಿರಿ.
2. ಅವರಲ್ಲಿ ಯಾರ ದಾಖಲೆ ಸರಿಯಿಲ್ಲ? ಸರಿಮಾಡಿಸಲು ಜೊತೆಗೆ ಹೋಗುವವರು ಯಾರು?
3. ನಮ್ಮ ಊರಿನಲ್ಲಿ ನರ್ಸ್, ಇಲೆಕ್ಟ್ರಿಶಿಯನ್, ಬ್ಯಾಂಕ್ ನೌಕರರು ಯಾರಿದ್ದಾರೆ? ಒಂದು ಶನಿವಾರ ಶಾಲೆಗೆ ಬಂದು ಮಕ್ಕಳ ಜೊತೆ ಮಾತಾಡಲು ಕರೆಯಬಹುದೇ?
4. "ನಿನಗೆ ಏನಾಗಬೇಕು?" ಎಂದು ನಾವು ಮಗುವನ್ನು ಕೊನೆಯ ಸಲ ಕೇಳಿದ್ದು ಯಾವಾಗ?

ನಾಲ್ಕನೇ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಕೊಡಬೇಕೆಂದಿಲ್ಲ. ಇವತ್ತು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಕೇಳಿದರೆ ಸಾಕು.