ಸಸ್ಯಗಳ ಉಸಿರಾಟವೂ ಡಾಕ್ಟರ್ ಕಮಲಾ ಸೊಹೋನಿಯವರ ಶೋಧನೆಯೂ

ನಮ್ಮ ಗಂಗಾವತಿ ಸೀಮೆಯ ರೈತರೆಲ್ಲರೂ ಬಲ್ಲ ಸಂಗತಿಯೊಂದುಂಟು. ಚೆನ್ನಾಗಿ ಒಣಗದ ಭತ್ತವನ್ನು ರಾಶಿಹಾಕಿ ಮುಚ್ಚಿಟ್ಟರೆ ರಾಶಿಯ ಒಡಲು ಬಿಸಿಯಾಗುವುದು. ಅಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ. ಬಿಸಿಯು ಎಲ್ಲಿಂದ ಬಂದಿತು? ಜೀವವುಳ್ಳ ಕಾಳೂ ತೇವದಲ್ಲಿ ಬೆಳೆಯುವ ಬೂಷ್ಟೂ ಉಸಿರಾಡುವುದರಿಂದ ಬಂದಿತು. ಆಹಾರವು ಆಮ್ಲಜನಕದ ನೆರವಿನಿಂದ ಮಾರ್ಪಟ್ಟು ಶಕ್ತಿಯನ್ನು ಕೊಡುವ ಈ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು. ಒಲೆಯಲ್ಲಿ ಸೌದೆ ಉರಿಯುವುದೂ ಕುಡುಗೋಲಿಗೆ ತುಕ್ಕು ಹಿಡಿಯುವುದೂ ಇದೇ ಜಾತಿಯ ಕ್ರಿಯೆಗಳು. ಆದರೆ ಉರಿಯುವ ಸೌದೆಯಿಂದ ಶಕ್ತಿಯು ಒಮ್ಮೆಗೇ ಹೊರಬೀಳುವುದು. ಜೀವಕೋಶದಲ್ಲಾದರೋ ಮೆಟ್ಟಿಲು ಮೆಟ್ಟಿಲಾಗಿ ದೊರೆಯುವುದು.

ಈ ಮೆಟ್ಟಿಲುಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಒಂದು. ಇದರೊಳಗಿನ ಕಬ್ಬಿಣದ ಪರಮಾಣು ಎಲೆಕ್ಟ್ರಾನನ್ನು ಪಡೆದು ಮುಂದಕ್ಕೆ ದಾಟಿಸುತ್ತದೆ. ಕಡೆಗೆ ಆಮ್ಲಜನಕವು ಅದನ್ನು ಸ್ವೀಕರಿಸಿ ನೀರಾಗುತ್ತದೆ. ನಡುದಾರಿಯಲ್ಲಿ ಎಲೆಕ್ಟ್ರಾನು ತಪ್ಪಿಸಿಕೊಂಡು ಆಮ್ಲಜನಕವನ್ನು ಸೇರಿದರೆ ಫ್ರೀ ರ‍್ಯಾಡಿಕಲ್ ಎಂಬ ಉಗ್ರ ಕಣವು ಹುಟ್ಟಿ ಕೋಶಕ್ಕೆ ಕೇಡನ್ನು ಮಾಡುವುದೂ ಉಂಟು.

ಈ ಪ್ರೋಟೀನು ಸಸ್ಯಗಳಲ್ಲಿಯೂ ಇದೆಯೆಂಬುದನ್ನು ಕೇಂಬ್ರಿಜ್ಜಿನಲ್ಲಿ ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸಿ ಕಂಡುಕೊಂಡವರು ನಮ್ಮ ದೇಶದ ಕಮಲಾ ಭಾಗವತ್, ಎಂದರೆ ಮುಂದೆ ಕಮಲಾ ಸೊಹೋನಿಯೆಂದು ಹೆಸರಾದವರು. 1939ರಲ್ಲಿ ರಾಬಿನ್ ಹಿಲ್ ಅವರೊಡನೆ ಈ ವಿಷಯವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯವು ಅವರಿಗೆ ಪಿಎಚ್.ಡಿ. ಪದವಿಯನ್ನಿತ್ತಿತು. ಅವರ ಪ್ರಬಂಧವು ಕೇವಲ 40 ಪುಟಗಳದು.

ಆದರೆ ಅವರು ಕೇಂಬ್ರಿಜ್ಜನ್ನು ಮುಟ್ಟುವುದಕ್ಕೆ ಮೊದಲು ಬೆಂಗಳೂರಿನಲ್ಲಿ ಒಂದು ಬಾಗಿಲು ಮುಚ್ಚಿತ್ತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಮ್ಮೆಟ್ಟಲಿಲ್ಲ. ಕಡೆಗೆ ಷರತ್ತುಗಳ ಮೇಲೆ ಅವಕಾಶ ದೊರೆಯಿತು: ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ ಇರಬೇಕು, ಗುರುಗಳು ಹೇಳಿದರೆ ರಾತ್ರಿಯೂ ದುಡಿಯಬೇಕು, ಆಕೆಯಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ಶ್ರೀನಿವಾಸಯ್ಯನವರ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅವರು ಶ್ರದ್ಧೆಯಿಂದ ಅಭ್ಯಸಿಸಿದ್ದನ್ನು ಕಂಡು ರಾಮನ್ ಅವರೇ ಮೆಚ್ಚಿದರು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳಿಗೆ ಆ ಸಂಸ್ಥೆಯಲ್ಲಿ ಪ್ರವೇಶ ದೊರೆಯತೊಡಗಿತು. ಮುಂದೆ ಕಮಲಾ ಅವರು ಬಡಮಕ್ಕಳ ಪುಷ್ಟಿಗಾಗಿ ನೀರಾ ಪಾನೀಯವನ್ನು ಪರಿಶೋಧಿಸಿ, ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯೂ ಆಗಿ, 1998ರಲ್ಲಿ ತೀರಿಕೊಂಡರು.

ಪೋಷಕರೇ, ಹತ್ತನೆಯ ತರಗತಿ ಮುಗಿಸಿದ ಮಗಳು ವಿಜ್ಞಾನವನ್ನು ಓದುವೆನೆಂದರೆ, “ಹೆಣ್ಣುಮಗಳಿಗೆ ಅಷ್ಟು ದೂರದ ಓದೇಕೆ?” ಎನ್ನಬೇಡಿರಿ. ಅಂದು ಸಂಸ್ಥೆಯ ಬಾಗಿಲು ಮುಚ್ಚಿತ್ತು, ಮನೆಯ ಬಾಗಿಲು ತೆರೆದಿತ್ತು. ಇಂದು ಸಂಸ್ಥೆಯ ಬಾಗಿಲು ತೆರೆದಿರುವಾಗ ಮನೆಯ ಬಾಗಿಲು ಮುಚ್ಚದಿರಲಿ. ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೇ, ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನೂ ನೀರಿನಲ್ಲಿಟ್ಟರೆ ಅಷ್ಟು ಕಪ್ಪಾಗದಿರುವುದನ್ನೂ ಮಕ್ಕಳಿಗೆ ತೋರಿಸಿ, ಕಾರಣವನ್ನು ಅವರಿಂದಲೇ ಹೇಳಿಸಿರಿ. ಅದೂ ಉತ್ಕರ್ಷಣದ ಪಾಠವೇ.