ಕೂದಲ ಮಾತ್ರೆ, ಕುಗ್ಗಿದ ಆಸಕ್ತಿ

ನೀವು ನುಂಗುತ್ತಿರುವ 1 ಮಿ.ಗ್ರಾಂ. ಫಿನಾಸ್ಟರೈಡ್, ಟೆಸ್ಟೋಸ್ಟಿರಾನ್ ಡಿಎಚ್‌ಟಿ ಎಂಬ ಹಾರ್ಮೋನ್ ಆಗುವುದನ್ನು ತಡೆಯುತ್ತದೆ. ಕೂದಲ ಬುಡವನ್ನು ಸೊರಗಿಸುವುದು ಆ ಡಿಎಚ್‌ಟಿಯೇ. ಈ ಮಾತ್ರೆಯಿಂದ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆ ಸಡಿಲವಾಗುವುದು ಕೆಲವರಲ್ಲಿ ಉಂಟು, ನಿಮ್ಮ ಭ್ರಮೆಯಲ್ಲ. ಹೆಂಡತಿಗೂ ಹೇಳದೆ ಮೂರು ತಿಂಗಳು ಒಬ್ಬರೇ ಕೊರಗಿದ್ದೀರಲ್ಲ, ನನಗೆ ಬೇಸರವಾದದ್ದು ಅದಕ್ಕೆ. ಮಾತ್ರೆ ನಿಲ್ಲಿಸಿ, ಬರೆದುಕೊಟ್ಟ ವೈದ್ಯರನ್ನು ಕಾಣಿ. ಹೆಚ್ಚಿನವರಲ್ಲಿ ತೊಂದರೆ ಕ್ರಮೇಣ ಇಳಿಯುತ್ತದೆ. ಅಪರೂಪಕ್ಕೆ, ಬಿಟ್ಟ ಮೇಲೂ ಉಳಿದದ್ದುಂಟು. ಮನಸ್ಸು ಮಂಕಾಗಿ ಸಾಯುವ ಯೋಚನೆ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಸಕ್ಕರೆ, ಬಿಪಿಯನ್ನೂ ನೋಡಿಸಿ, ಕಾರಣ ಅಲ್ಲೂ ಇರಬಹುದು. ಕೂದಲಿಗೆ ಮಾತ್ರೆಯ ಬದಲು ಹಚ್ಚುವ ಮಿನಾಕ್ಸಿಡಿಲ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಹಚ್ಚತೊಡಗಿದ ಮೊದಲ ವಾರಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂದರೆ ಬೆಚ್ಚಬೇಡಿ. ಉಳಿದ ಮಾತ್ರೆ ತಮ್ಮನಿಗೆ ದಾಟಿಸಬೇಡಿ. ಮುರಿದ ಚೂರನ್ನು ಬಸುರಿ ನಾದಿನಿ ಮುಟ್ಟಬಾರದು, ಗಂಡು ಭ್ರೂಣಕ್ಕೆ ಅಪಾಯ.